ಮಿಂಗೊ ಊರಿನ ಡಬ್ಬಿ: ರೈಲಿನಿಂದ ಹುಟ್ಟಿದ ಊರಲ್ಲಿ ಜಿಯೋಕ್ಯಾಶ್ ಹುಡುಕುವ ಬಗೆ

ಅಮೆರಿಕದ ಐ-70 ಹೆದ್ದಾರಿಯಲ್ಲಿ ಡೆನ್ವರ್‌ನಿಂದ ಪೂರ್ವಕ್ಕೆ ಹೊರಟರೆ ಸುಮಾರು 380 ಕಿಲೋಮೀಟರ್ ಆದ ಮೇಲೆ 62ನೇ ಎಕ್ಸಿಟ್ ಬರುತ್ತದೆ. ಬಹಳ ಜನ ಅಲ್ಲಿ ಕಾರು ತಿರುಗಿಸುವುದಿಲ್ಲ. ಸುತ್ತ ಹೊಲ, ಮೇಲೆ ಆಕಾಶ, ನಡುವೆ ಗಾಳಿ. ಊರಿನ ಹೆಸರು ಮಿಂಗೊ. ಕಾನ್ಸಸ್ ರಾಜ್ಯದ ಥಾಮಸ್ ಕೌಂಟಿಗೆ ಸೇರಿದ್ದು. ಒಂದು ಕಾಲಕ್ಕೆ ಯೂನಿಯನ್ ಪೆಸಿಫಿಕ್ ರೈಲಿನ ಪುಟ್ಟ ಸ್ಟೇಷನ್ ಇಲ್ಲಿತ್ತು. ಸುತ್ತಲಿನ ರೈತರು ಈ ಸ್ಟೇಷನ್ನನ್ನೇ ನಂಬಿಕೊಂಡಿದ್ದರು. ಈಗ ಊರಿಗಿಂತ ಊರಿನ ಹೆಸರೇ ದೊಡ್ಡದು ಅನ್ನಬಹುದು.

ಆದರೆ ಜಿಯೋಕ್ಯಾಶಿಂಗ್, ಅಂದರೆ ಜಿಪಿಎಸ್ ಹಿಡಿದು ಬಚ್ಚಿಟ್ಟ ಡಬ್ಬಿ ಹುಡುಕುವ ಆಟ, ಆಡುವವರಿಗೆ ಇದು ಯಾತ್ರೆಯ ಜಾಗ. 2000ದ ಮೇ 11ರಂದು ಇಲ್ಲಿ ಬಚ್ಚಿಟ್ಟ ಕ್ಯಾಶ್ (ಡಬ್ಬಿಗೆ ಆಟದಲ್ಲಿ ಹಾಗನ್ನುತ್ತಾರೆ) ಇವತ್ತಿಗೂ ಆಟದಲ್ಲಿದೆ. ನಡುವೆ ನಿಲ್ಲದೆ ನಡೆದುಕೊಂಡು ಬಂದ ಕ್ಯಾಶ್‌ಗಳಲ್ಲಿ ಜಗತ್ತಿಗೇ ಹಳೆಯದು ಇದು. ಅದರ ಸಂಕೇತ ಸಂಖ್ಯೆ ಜಿಸಿ30. ಈಗಿನ ಕ್ಯಾಶ್‌ಗಳಿಗೆ ಜಿಸಿ ಆದ ಮೇಲೆ ಐದು ಅಕ್ಷರ ಇರುತ್ತವೆ. ಇದಕ್ಕೆ ಎರಡೇ. ಎಷ್ಟು ಹಿಂದಿನದು ಅಂತ ಅದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ನಾವು ಅಲ್ಲಿಗೆ ಹೋದದ್ದು ಒಂದು ಅಕ್ಟೋಬರ್‌ನಲ್ಲಿ. ನಾನು, ಮಗಳು, ಗದಗದಿಂದ ಬಂದಿದ್ದ ನಮ್ಮವ್ವ. ಡಬ್ಬಿ ಸಿಕ್ಕಿತು. ಆದರೆ ಡಬ್ಬಿ ಸಿಗುವ ಮುಂಚೆ ಆ ಊರನ್ನು ಓದುವುದು ಹೇಗೆ ಅಂತ ಗೊತ್ತಿದ್ದರೆ ಮಾತ್ರ ಅಷ್ಟು ದೂರ ಹೋದದ್ದು ಸಾರ್ಥಕ ಅಂತ ನನಗೆ ಅನಿಸಿತು. ಹಾಗಾಗಿ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಡಬ್ಬಿ ಸರಿಯಾಗಿ ಎಲ್ಲಿದೆ ಅಂತ ಮಾತ್ರ ಹೇಳುವುದಿಲ್ಲ. ಅದು ಆಟದ ಮರ್ಯಾದೆ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು

ಒಬ್ಬರು ಒಂದು ಡಬ್ಬಿಯಲ್ಲಿ ಸಣ್ಣ ಪುಸ್ತಕ ಇಟ್ಟು ಎಲ್ಲೋ ಮರೆಮಾಡುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಜಿಯೋಕ್ಯಾಶಿಂಗ್ ಡಾಟ್ ಕಾಮ್‌ನಲ್ಲಿ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾರೆ. ಸಿಕ್ಕರೆ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರುತ್ತಾರೆ. ಅಷ್ಟೇ.

ಇದು ಶುರುವಾದದ್ದಕ್ಕೆ ಒಂದು ಸರ್ಕಾರಿ ಆದೇಶ ಕಾರಣ. ಮೊದಲು ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕಂತಲೇ ಕೆಡಿಸಿ ಕೊಡುತ್ತಿತ್ತು. ನೂರು ಮೀಟರ್ ಆಚೀಚೆ ತೋರಿಸುತ್ತಿತ್ತು. 2000ದ ಮೇ ಮೊದಲ ವಾರದಲ್ಲಿ ಅಧ್ಯಕ್ಷ ಕ್ಲಿಂಟನ್ ಆದೇಶದಂತೆ ಅದು ನಿಂತಿತು. ಮೇ 3ರಂದೇ ಡೇವ್ ಅಲ್ಮರ್ ಎನ್ನುವವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಬಕೆಟ್ ಮರೆಮಾಡಿ, ಜಾಗದ ಅಂಕಿ ಹಾಕಿ, ಹುಡುಕಿ ನೋಡಿ ಅಂದರು. ಅದಾಗಿ ಎಂಟು ದಿನಕ್ಕೆ ಮಿಂಗೊ ಡಬ್ಬಿ ಬಂತು. ಬಚ್ಚಿಟ್ಟವರು ಇಟ್ಟುಕೊಂಡ ಹೆಸರು ಕಾನ್ಸಸ್ ಸ್ಟಾಷರ್. ಆಗ ಜಿಯೋಕ್ಯಾಶಿಂಗ್ ಅನ್ನುವ ಶಬ್ದವೇ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು ಆ ತಿಂಗಳ ಕೊನೆಗೆ. ಅಲ್ಲಿಯ ತನಕ ಇದನ್ನು ಸ್ಟಾಷ್, ಅಂದರೆ ಬಚ್ಚಿಟ್ಟ ವಸ್ತು, ಹುಡುಕುವ ಆಟ ಅನ್ನುತ್ತಿದ್ದರು. ಬಚ್ಚಿಟ್ಟವರ ಹೆಸರಲ್ಲಿ ಆ ಹಳೆಯ ಶಬ್ದ ಹಾಗೇ ಉಳಿದಿದೆ.

ಮೊದಲ ಹೆಜ್ಜೆ: ಮನೆಯಲ್ಲೇ ಪುಟ ಓದಿ

ಜಿಯೋಕ್ಯಾಶಿಂಗ್ ಡಾಟ್ ಕಾಮ್‌ನಲ್ಲಿ ಉಚಿತ ಖಾತೆ ತೆರೆಯಿರಿ. ಫೋನಿಗೆ ಅವರದೇ ಆಪ್ ಇದೆ. ಆಂಡ್ರಾಯ್ಡ್ ಇದ್ದರೆ ಸಿ:ಜಿಯೋ ಅನ್ನುವ ಆಪ್ ಕೂಡ ಚೆನ್ನಾಗಿದೆ. ಜಿಸಿ30 ಅಂತ ಹಾಕಿದರೆ ಮಿಂಗೊ ಪುಟ ಬರುತ್ತದೆ.

ಪುಟದಲ್ಲಿ ನಾಲ್ಕು ವಿಷಯ ನೋಡಿ. ಒಂದು, ಕಷ್ಟ ಮತ್ತು ನೆಲದ ಅಂಕ. ಎರಡೂ 1ರಿಂದ 5ರ ತನಕ, ಅರ್ಧರ್ಧ ಏರುತ್ತಾ ಹೋಗುತ್ತವೆ. ಮೊದಲನೆಯದು ಹುಡುಕುವುದು ಎಷ್ಟು ಕಷ್ಟ ಅಂತ, ಎರಡನೆಯದು ಅಲ್ಲಿಗೆ ನಡೆಯುವುದು ಎಷ್ಟು ಕಷ್ಟ ಅಂತ. ವಯಸ್ಸಾದವರು ಜೊತೆಗಿದ್ದರೆ ಎರಡನೆಯದನ್ನು ಮೊದಲು ನೋಡಿ. ಎರಡು, ಡಬ್ಬಿಯ ಗಾತ್ರ. ಕೈಬೆರಳಷ್ಟಿದೆಯೋ ತಿಂಡಿ ಡಬ್ಬಿಯಷ್ಟಿದೆಯೋ ಗೊತ್ತಿಲ್ಲದೆ ಹುಡುಕಬೇಡಿ. ಮೂರು, ಇತ್ತೀಚಿನ ಲಾಗ್‌ಗಳು, ಅಂದರೆ ಹುಡುಕಿ ಬಂದವರು ಬರೆದ ಟಿಪ್ಪಣಿಗಳು. ಹೋದ ವಾರ ಯಾರಾದರೂ ಸಿಕ್ಕಿತು ಅಂದಿದ್ದರೆ ಧೈರ್ಯವಾಗಿ ಹೊರಡಿ. ನಾಲ್ಕೈದು ಜನ ಸಾಲಾಗಿ ಸಿಗಲಿಲ್ಲ ಅಂದಿದ್ದರೆ ಸ್ವಲ್ಪ ಕಾಯಿರಿ. ನಾಲ್ಕು, ಹಿಂಟ್, ಅಂದರೆ ಸುಳಿವು. ಅದನ್ನು ಸಣ್ಣ ಗುಟ್ಟುಲಿಪಿಯಲ್ಲಿ ಹಾಕಿರುತ್ತಾರೆ. ಇಂಗ್ಲಿಷಿನ ಪ್ರತಿ ಅಕ್ಷರವನ್ನು 13 ಮನೆ ಮುಂದಕ್ಕೆ ಸರಿಸಿರುತ್ತಾರೆ. ಎ ಇದ್ದಲ್ಲಿ ಎನ್, ಬಿ ಇದ್ದಲ್ಲಿ ಒ. ಆಪ್‌ನಲ್ಲಿ ಒತ್ತಿದರೆ ತಾನೇ ಬಿಡಿಸಿ ತೋರಿಸುತ್ತದೆ. ಮಕ್ಕಳಿದ್ದರೆ ಕಾಗದ ಕೊಟ್ಟು ಅವರ ಕೈಲೇ ಬಿಡಿಸಿ. ನನ್ನ ಮಗಳಿಗೆ ಕಾರಿನಲ್ಲಿ ಅರ್ಧ ಗಂಟೆ ಹೋದದ್ದೇ ತಿಳಿಯಲಿಲ್ಲ.

ಪುಟದ ಚಿತ್ರ, ಹಿಂಟ್, ಕೋಆರ್ಡಿನೇಟ್ ಮೂರನ್ನೂ ಫೋನಿನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಬಯಲುಸೀಮೆಯಲ್ಲಿ ಯಾವಾಗ ನೆಟ್‌ವರ್ಕ್ ಕೈಕೊಡುತ್ತದೆ ಹೇಳಲಾಗದು.

ಅಂಕಿಯಲ್ಲಿ ಎಡವಬೇಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹೊಸಬರು ಜಾಸ್ತಿ ದಾರಿ ತಪ್ಪುವುದು ಇಲ್ಲೇ. ನಾನೂ ಮೊದಲ ಸಲ ಇಲ್ಲೇ ತಪ್ಪಿದ್ದೆ.

ಈ ಆಟದಲ್ಲಿ ಜಾಗವನ್ನು ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ ಬರೆಯುತ್ತಾರೆ. ಆ ಮೊದಲ ಬಕೆಟ್ ಇದ್ದ ಜಾಗವನ್ನೇ ತೆಗೆದುಕೊಳ್ಳಿ: ಉತ್ತರ 45 ಡಿಗ್ರಿ 17.460 ನಿಮಿಷ, ಪಶ್ಚಿಮ 122 ಡಿಗ್ರಿ 24.800 ನಿಮಿಷ. ಇದನ್ನು ಸಾಮಾನ್ಯ ಮ್ಯಾಪ್ ಆಪ್‌ಗೆ ಕೊಡಬೇಕಾದರೆ ಕೆಲವರು 45.17460 ಅಂತ ಬರೆದುಬಿಡುತ್ತಾರೆ. ಅದು ತಪ್ಪು. ಒಂದು ಡಿಗ್ರಿಗೆ 60 ನಿಮಿಷ. ಹಾಗಾಗಿ 17.460ನ್ನು 60ರಿಂದ ಭಾಗಿಸಬೇಕು. ಬರುವುದು 0.291. ಸರಿಯಾದ ಅಂಕಿ 45.291. ತಪ್ಪು ಬರೆದರೆ ನೀವು ಸುಮಾರು 13 ಕಿಲೋಮೀಟರ್ ದಕ್ಷಿಣದಲ್ಲಿ ನಿಂತಿರುತ್ತೀರಿ.

ಇನ್ನೊಂದು, ಪಶ್ಚಿಮ ರೇಖಾಂಶಕ್ಕೆ ಮೈನಸ್ ಗುರುತು ಬೇಕು. ಭಾರತದಲ್ಲಿ ಎಲ್ಲ ಪೂರ್ವವೇ ಆದದ್ದರಿಂದ ನಮಗೆ ಇದು ರೂಢಿಯಿಲ್ಲ. ಮಿಂಗೊ ಅಂಕಿಗೆ ಮೈನಸ್ ಬಿಟ್ಟರೆ ಮ್ಯಾಪ್ ನಿಮ್ಮನ್ನು ಉತ್ತರ ಚೀನಾದ ಮರಳುಗಾಡಿನ ಹತ್ತಿರ ಕರೆದುಕೊಂಡು ಹೋಗುತ್ತದೆ.

ಕೊನೆಯ ಅಂಕಿಯ ಬೆಲೆ ಎಷ್ಟು ಅಂತಲೂ ತಿಳಿದಿರಲಿ. ಅಕ್ಷಾಂಶದಲ್ಲಿ ನಿಮಿಷದ ಸಾವಿರದಲ್ಲೊಂದು ಭಾಗ ಅಂದರೆ ನೆಲದ ಮೇಲೆ 1.85 ಮೀಟರ್. ರೇಖಾಂಶದಲ್ಲಿ ಅದು ಊರಿಂದೂರಿಗೆ ಬದಲಾಗುತ್ತದೆ. ಮಿಂಗೊ ಇರುವ 39 ಡಿಗ್ರಿ ಉತ್ತರದಲ್ಲಿ ಸುಮಾರು 1.4 ಮೀಟರ್. ಅಂದರೆ ಕೊನೆಯ ಅಂಕಿ ಒಂದೆರಡು ಆಚೀಚೆ ಆದರೂ ಚಿಂತೆಯಿಲ್ಲ. ಅದು ಒಂದು ಹೆಜ್ಜೆ, ಎರಡು ಹೆಜ್ಜೆಯ ಮಾತು.

ಎರಡನೇ ಹೆಜ್ಜೆ: ಊರು ಯಾಕೆ ಅಲ್ಲಿದೆ ಅಂತ ತಿಳಿಯಿರಿ

ಇದು ನನಗೆ ಬಹಳ ಇಷ್ಟವಾದ ಭಾಗ.

ಕಾನ್ಸಸ್‌ನಲ್ಲಿ ಈ ಹೆದ್ದಾರಿಯ ಎಕ್ಸಿಟ್ ಸಂಖ್ಯೆ ಅಂದರೆ ಕೊಲರಾಡೊ ಗಡಿಯಿಂದ ಎಷ್ಟು ಮೈಲಿ ಅಂತ. ಕೋಲ್ಬಿ ಪಟ್ಟಣದ ಎಕ್ಸಿಟ್ 53. ಮಿಂಗೊ 62. ಓಕ್ಲಿ 70. ಕಳೆದು ನೋಡಿ. ಒಂಬತ್ತು ಮೈಲಿ, ಎಂಟು ಮೈಲಿ. ಇದು ಸುಮ್ನೆ ಆದದ್ದಲ್ಲ.

ಬಯಲುಸೀಮೆಯಲ್ಲಿ ರೈಲು ಹಾಕಿದವರು ಏಳೆಂಟು, ಹತ್ತು ಮೈಲಿಗೊಂದು ಸ್ಟೇಷನ್ ಇಟ್ಟುಕೊಂಡು ಹೋದರು. ಯಾಕೆ ಅಂದರೆ ರೈತ ಕುದುರೆ ಬಂಡಿಯಲ್ಲಿ ಗೋಧಿ ತುಂಬಿಕೊಂಡು ಬೆಳಿಗ್ಗೆ ಹೊರಡಬೇಕು, ಕಾಳು ಇಳಿಸಬೇಕು, ಸಾಮಾನು ಕೊಳ್ಳಬೇಕು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು. ನಮ್ಮಲ್ಲಿ ಸಂತೆಯ ಊರುಗಳು ಬಂಡಿ ಹೂಡಿ ಹೋಗಿ ಬರುವಷ್ಟು ದೂರಕ್ಕೊಂದು ಇರಲಿಲ್ಲವೇ? ಲೆಕ್ಕ ಅದೇ. ಆದರೆ ನಮ್ಮಲ್ಲಿ ಊರು ಮೊದಲು, ಸಂತೆ ಆಮೇಲೆ. ಅಲ್ಲಿ ಹಳಿ ಮೊದಲು, ಊರು ಆಮೇಲೆ. ಅವ್ವನಿಗೆ ಇದನ್ನು ಹೇಳಿದಾಗ "ಹಂಗಾದ್ರ ರೈಲು ಬಿಟ್ಟ ಮ್ಯಾಲೆ ಊರೂ ಬಿಟ್ಟಂಗs" ಅಂದಳು. ಅಲ್ಲಿನ ಎಷ್ಟೋ ಊರುಗಳ ಕಥೆ ಈ ಒಂದು ಮಾತಿನಲ್ಲಿದೆ.

ರೈತರು ಬಂದದ್ದಕ್ಕೆ ಬೇರೆ ಕಾರಣವೂ ಇದೆ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ ಐದು ವರ್ಷ ನೆಲೆ ನಿಂತು ಉತ್ತವರಿಗೆ 160 ಎಕರೆ ಸಿಗುತ್ತಿತ್ತು. ಆ 160 ಎಕರೆಯನ್ನು ಇವತ್ತೂ ನೆಲದ ಮೇಲೆ ಕಣ್ಣಾರೆ ನೋಡಬಹುದು. ಮ್ಯಾಪ್‌ನಲ್ಲಿ ಮಿಂಗೊ ಸುತ್ತ ಉಪಗ್ರಹ ಚಿತ್ರ ಹಾಕಿ. ಮೈಲಿಗೊಂದು ದಾರಿ, ಚದುರಂಗದ ಹಾಸಿನ ಹಾಗೆ. ಒಂದು ಚದರ ಮೈಲಿ ಅಂದರೆ 640 ಎಕರೆ, ಒಂದು ಸೆಕ್ಷನ್. ಅದರ ಕಾಲುಭಾಗವೇ 160. ಬಾವಿ ನೀರು ಸುತ್ತಿಸಿ ಹಾಯಿಸುವ ಹೊಲಗಳು ಆ ಚೌಕದೊಳಗೆ ಹಸಿರು ಚಕ್ರದ ಹಾಗೆ ಕಾಣುತ್ತವೆ.

ಆಮೇಲೆ ಊರುಗಳು ಯಾಕೆ ಕರಗಿದವು? ಲಾರಿ ಬಂತು. ಬಂಡಿಗೆ ಒಂದು ದಿನ ಹಿಡಿಯುತ್ತಿದ್ದ ದಾರಿ ಲಾರಿಗೆ ಕಾಲು ಗಂಟೆ. ರೈತ ಹತ್ತಿರದ ಸ್ಟೇಷನ್ ಬಿಟ್ಟು ದೊಡ್ಡ ಪಟ್ಟಣಕ್ಕೇ ಹೋದ. 1930ರ ದಶಕದಲ್ಲಿ ಬರ ಮತ್ತು ಧೂಳಿನ ಬಿರುಗಾಳಿ ಈ ಸೀಮೆಯನ್ನು ಹಿಂಡಿತು. ಟ್ರ್ಯಾಕ್ಟರ್, ಕಂಬೈನ್ (ಕೊಯ್ದು ಒಕ್ಕುವ ಯಂತ್ರ) ಬಂದು ಒಂದೇ ಮನೆಯವರು ಹತ್ತು ಮನೆಯವರ ಹೊಲ ಮಾಡತೊಡಗಿದರು. ಮನೆ ಕಡಿಮೆಯಾದರೆ ಶಾಲೆ ಮುಚ್ಚುತ್ತದೆ, ಅಂಚೆ ಕಚೇರಿ ಮುಚ್ಚುತ್ತದೆ, ಅಂಗಡಿ ಮುಚ್ಚುತ್ತದೆ. ಕೊನೆಗೆ ಹೆಸರೊಂದೇ.

ಹೊರಡುವ ಮುಂಚೆ ಒಂದು ಸಂಜೆ ಇದಕ್ಕೆ ಕೊಡಿ. ಕಾನ್ಸಸ್ ಹಿಸ್ಟಾರಿಕಲ್ ಸೊಸೈಟಿಯವರ ಹತ್ತಿರ ಹಳೆಯ ಅಂಚೆ ಕಚೇರಿಗಳ ಪಟ್ಟಿ ಇದೆ. ಯಾವ ಊರಿನದು ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಅಂತ ಸಿಗುತ್ತದೆ. ಊರಿನ ಹುಟ್ಟು, ಸಾವು ಎರಡಕ್ಕೂ ಅದಕ್ಕಿಂತ ಒಳ್ಳೆಯ ಗುರುತು ನನಗೆ ಗೊತ್ತಿಲ್ಲ. ಅಮೆರಿಕದ ಭೂಸರ್ವೇ ಇಲಾಖೆಯ ಹಳೆಯ ನಕ್ಷೆಗಳು ಉಚಿತವಾಗಿ ಸಿಗುತ್ತವೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮನೆಗಳನ್ನು ತೋರಿಸುವ ಪುಟ್ಟ ಕಪ್ಪು ಚೌಕಗಳು ಒಂದೊಂದೇ ಮಾಯವಾಗಿರುತ್ತವೆ.

ಯಾವಾಗ ಹೋಗಬೇಕು

ಗೋಧಿ ಕೊಯ್ಲು ನೋಡಬೇಕಾದರೆ ಜೂನ್ ಕೊನೆ, ಜುಲೈ ಮೊದಲು. ಹೊಲ ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ಆದರೆ ಆಗ ಬಿಸಿಲು 38 ಡಿಗ್ರಿ ದಾಟುವುದೂ ಉಂಟು. ಸಣ್ಣ ದಾರಿಯಲ್ಲಿ ಕಂಬೈನ್, ಕಾಳಿನ ಲಾರಿಗಳು ಬರುತ್ತವೆ. ಅವರಿಗೆ ಅದು ವರ್ಷದ ಅನ್ನ. ಕಾರು ಪಕ್ಕಕ್ಕೆ ತಗೊಂಡು ದಾರಿ ಬಿಡಿ.

ನನ್ನ ಆಯ್ಕೆ ಅಕ್ಟೋಬರ್. ಹವೆ ತಂಪು, ಹಾವಿನ ಭಯ ಕಡಿಮೆ, ಹೊಸ ಗೋಧಿ ಗರಿಕೆಯ ಹಾಗೆ ಹಸಿರಾಗಿ ಮೊಳೆತಿರುತ್ತದೆ. ಮುಖ್ಯವಾಗಿ, ಆಗ ಜೋಳ ನಿಂತಿರುತ್ತದೆ. ಹೌದು, ನಮ್ಮ ಜೋಳ. ಅವರು ಅದನ್ನು ಮೈಲೋ ಅನ್ನುತ್ತಾರೆ. ಅಮೆರಿಕದಲ್ಲಿ ಜಾಸ್ತಿ ಜೋಳ ಬೆಳೆಯುವ ರಾಜ್ಯವೇ ಕಾನ್ಸಸ್. ಎಕ್ಸಿಟ್ ಇಳಿದು ಸ್ವಲ್ಪ ಮುಂದೆ ಬಂದಾಗ ಅವ್ವ ಕಿಟಕಿ ಇಳಿಸಿ ನೋಡಿ, "ಇದು ಜ್ವಾಳ ಅಲ್ಲೇನು? ಇಷ್ಟು ಗಿಡ್ಡ ಯಾಕೈತಿ?" ಅಂದಳು. ತೆನೆ ಕೆಂಪಗೆ, ಇಟ್ಟಿಗೆ ಬಣ್ಣ. ಗಿಡ ಸೊಂಟದ ಎತ್ತರ. ನಮ್ಮ ಮಾಲದಂಡಿ ಜೋಳ ಆಳನ್ನು ದಾಟಿ ನಿಲ್ಲುತ್ತದೆ, ಯಾಕೆಂದರೆ ನಮಗೆ ಕಾಳಿನಷ್ಟೇ ಕಣಿಕೆಯೂ ಬೇಕು, ಎತ್ತಿಗೆ, ಎಮ್ಮೆಗೆ. ಅವರಿಗೆ ಕಂಬೈನ್ ಬಾಯಿಗೆ ಸಿಗುವ ಎತ್ತರ ಸಾಕು, ಅದಕ್ಕೇ ಗಿಡ್ಡ ತಳಿ ಮಾಡಿಕೊಂಡಿದ್ದಾರೆ. ಅದರಲ್ಲಿ ಬಹುಪಾಲು ದನಕ್ಕೋ ಎಥೆನಾಲ್‌ಗೋ ಹೋಗುತ್ತದೆ ಅಂತ ಹೇಳಿದೆ. ರೊಟ್ಟಿ ಮಾಡೂದಿಲ್ಲೇನು ಅಂತ ಅವ್ವ ಎರಡು ಸಲ ಕೇಳಿದಳು.

ಚಳಿಗಾಲದಲ್ಲಿ ಹೋಗುವುದಾದರೆ ಕ್ಯಾನ್‌ಡ್ರೈವ್ ಎನ್ನುವ ರಾಜ್ಯದ ರಸ್ತೆ ಮಾಹಿತಿ ತಾಣ ನೋಡಿಯೇ ಹೊರಡಿ. ಹಿಮಗಾಳಿ ಬಂದರೆ ಐ-70ಗೆ ಗೇಟು ಹಾಕಿ ಮುಚ್ಚಿಬಿಡುತ್ತಾರೆ. ವಸಂತದಲ್ಲಿ ಗುಡುಗು, ಆಲಿಕಲ್ಲು, ಸುಂಟರಗಾಳಿ. ಗುಡ್‌ಲ್ಯಾಂಡ್ ಹವಾಮಾನ ಕಚೇರಿಯ ಎಚ್ಚರಿಕೆ ನೋಡುತ್ತಿರಿ. ಬಯಲಲ್ಲಿ ನಿಂತಾಗ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಗುಡುಗು ಕೇಳಿದರೆ ಕಾರು ಹತ್ತಿ.

ಮೂರನೇ ಹೆಜ್ಜೆ: ಹೋಗುವ ದಾರಿ

ಡೆನ್ವರ್ ಕಡೆಯಿಂದ ಬರುವವರು ಗಡಿಯಾರ ನೋಡಿಕೊಳ್ಳಿ. ಗುಡ್‌ಲ್ಯಾಂಡ್ ಇರುವ ಶೆರ್ಮನ್ ಕೌಂಟಿ ಮೌಂಟನ್ ಟೈಮ್‌ನಲ್ಲಿದೆ. ಥಾಮಸ್ ಕೌಂಟಿ ಸೆಂಟ್ರಲ್ ಟೈಮ್. ಕೌಂಟಿ ಗಡಿ ದಾಟಿದ ಕೂಡಲೇ ಒಂದು ಗಂಟೆ ಹೋಯಿತು. ಸಂಜೆ ಬೆಳಕಿರುವಾಗ ಹುಡುಕಬೇಕು ಅಂತಿದ್ದರೆ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಪೆಟ್ರೋಲ್, ಊಟ, ಶೌಚಾಲಯ ಎಲ್ಲ ಕೋಲ್ಬಿಯಲ್ಲಿ ಅಥವಾ ಓಕ್ಲಿಯಲ್ಲಿ ಮುಗಿಸಿಕೊಳ್ಳಿ. ತಲಾ ಎರಡು ಲೀಟರ್ ನೀರು ಇರಲಿ. ಗಾಳಿಗೆ ಹಾರದ ಟೋಪಿ ಬೇಕು. ಬರೆಯುವ ಪೆನ್ನು ಖಂಡಿತ ಬೇಕು, ಡಬ್ಬಿಯಲ್ಲಿದ್ದ ಪೆನ್ನು ಬರೆಯುತ್ತದೆ ಅಂತ ನಂಬಬೇಡಿ. ಗಿಡದ ಬುಡಕ್ಕೆ ಕೈ ಹಾಕುವ ಮುಂಚೆ ತಟ್ಟಿ ನೋಡಲು ಒಂದು ಕೋಲು, ತೆಳ್ಳಗಿನ ಕೈಗವಸು, ಉಣ್ಣೆ ಹುಳು ಕಚ್ಚದ ಹಾಗೆ ಉದ್ದ ಪ್ಯಾಂಟು.

ಮಣ್ಣಿನ ದಾರಿ ಒಣಗಿದ್ದಾಗ ಚೆನ್ನಾಗಿರುತ್ತದೆ. ಮಳೆ ಬಂದರೆ ನಮ್ಮ ಎರೆ ಹೊಲದ ಹಾಗೆ ಚಕ್ರಕ್ಕೆ ಮೆತ್ತಿಕೊಳ್ಳುತ್ತದೆ. ಹತ್ತಿರದ ಇನ್ನೊಂದು ಹಾಳು ಊರು ನೋಡಲು ಹೋಗಿ ನಾವು ಒಮ್ಮೆ ಹಾಗೇ ಸಿಕ್ಕಿಬಿದ್ದೆವು. ಪಿಕಪ್‌ನಲ್ಲಿ ಬಂದ ರೈತರೊಬ್ಬರು ಸರಪಳಿ ಹಾಕಿ ಎಳೆದು ಕೊಟ್ಟರು, ಹೆಸರೂ ಹೇಳದೆ ಹೋದರು. ಆ ಕಡೆ ಎದುರು ಗಾಡಿಯವರು ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಅದು ಅವರ ನಮಸ್ಕಾರ. ನೀವೂ ಎತ್ತಿ.

ನಾಲ್ಕನೇ ಹೆಜ್ಜೆ: ಇಳಿದ ಕೂಡಲೇ ಹುಡುಕಬೇಡಿ

ಕಾರನ್ನು ರಸ್ತೆಯಿಂದ ಪೂರ್ತಿ ಕೆಳಗೆ, ಹೊಲದ ದಾರಿಗೆ ಅಡ್ಡವಾಗದ ಹಾಗೆ ನಿಲ್ಲಿಸಿ. ಆಮೇಲೆ ಹತ್ತು ನಿಮಿಷ ಸುಮ್ಮನೆ ನೋಡಿ.

ಹಳೆಯ ರೈಲು ಊರಿನ ಗುರುತುಗಳು ಒಂದಷ್ಟು ಇವೆ. ಹಳಿ ಕಿತ್ತರೂ ಅದರ ದಿಬ್ಬ ಉಳಿಯುತ್ತದೆ. ರೈಲು ಕಡಿದಾದ ಏರು ಹತ್ತಲಾರದು, ಹಾಗಾಗಿ ಆ ದಿಬ್ಬ ಸಮವಾಗಿ, ನೇರವಾಗಿ ಹೋಗುತ್ತದೆ. ತಿರುವಿದ್ದರೂ ಉದ್ದಕ್ಕೆ, ನಿಧಾನಕ್ಕೆ ತಿರುಗುತ್ತದೆ. ಕಾಲುವೆ ದಾಟುವಲ್ಲಿ ಸಣ್ಣ ಮೋರಿ ಇರುತ್ತದೆ, ಅದರ ಕಾಂಕ್ರೀಟ್ ಮೇಲೆ ಕೆಲವೊಮ್ಮೆ ಇಸವಿ ಕೊರೆದಿರುತ್ತದೆ. ಬಯಲಲ್ಲಿ ತಾನೇ ಬೆಳೆದ ಮರ ಅಪರೂಪ. ಮರಗಳ ಸಾಲು ಕಂಡರೆ ಅದು ಗಾಳಿ ತಡೆಯಲು ಯಾರೋ ನೆಟ್ಟದ್ದು. ಹೊಲದ ನಡುವೆ ಲೈಲಾಕ್ ಹೂವಿನ ಪೊದೆ ಒಂದೇ ನಿಂತಿದ್ದರೆ ಅಲ್ಲೊಂದು ಬಾಗಿಲಿತ್ತು, ಬಾಗಿಲ ಪಕ್ಕ ಯಾರೋ ಹೂವಿನ ಗಿಡ ನೆಟ್ಟು ನೀರು ಹಾಕಿದ್ದರು. ನಮ್ಮಲ್ಲಿ ಹಾಳುಬಿದ್ದ ಮನೆಯ ಹಿತ್ತಲಲ್ಲಿ ಕರಿಬೇವು ಉಳಿದ ಹಾಗೆ.

ದೂರಕ್ಕೆ ಎತ್ತರವಾಗಿ ಕಾಣುವುದು ಗ್ರೇನ್ ಎಲಿವೇಟರ್, ಕಾಳಿನ ಗೋಪುರ. ಕೋಲ್ಬಿಯಲ್ಲೂ ಓಕ್ಲಿಯಲ್ಲೂ ಮೊದಲು ಕಾಣುವುದು ಇವೇ. ಕೆಲಸ ಮಾಡುವ ರೀತಿ ಸರಳ. ಬಂಡಿ ಅಥವಾ ಲಾರಿ ಬಂದು ಕಾಳನ್ನು ನೆಲದ ಗುಂಡಿಗೆ ಸುರಿಯುತ್ತದೆ. ಸಾಲು ಬಕೆಟ್ ಕಟ್ಟಿದ ಪಟ್ಟಿಯೊಂದು ಸುತ್ತುತ್ತಾ ಕಾಳನ್ನು ತುದಿಗೆ ಎತ್ತುತ್ತದೆ. ಅಲ್ಲಿಂದ ಕಣಜಗಳಿಗೆ ಬೀಳುತ್ತದೆ. ರೈಲು ಬಂದಾಗ ಕೊಳವೆ ತೆರೆದರೆ ಸಾಕು, ಕಾಳು ತನ್ನ ಭಾರಕ್ಕೆ ತಾನೇ ರೈಲಿನ ಡಬ್ಬಿಗೆ ಇಳಿಯುತ್ತದೆ. ಇಂಥದ್ದನ್ನು ಮೊದಲು ಕಟ್ಟಿದ್ದು 1842ರಲ್ಲಿ ಬಫಲೋ ನಗರದಲ್ಲಿ, ಜೋಸೆಫ್ ಡಾರ್ಟ್. ಅದಕ್ಕೂ ಮೊದಲು ಹಮಾಲರು ಬೆನ್ನ ಮೇಲೆ ಹೊರುತ್ತಿದ್ದರು. ನಮ್ಮ ಹಗೇವಿನಲ್ಲಿ ಕಾಳು ಕೆಳಕ್ಕೆ ಹೋಗುತ್ತದೆ, ಇವರದ್ದರಲ್ಲಿ ಮೇಲಕ್ಕೆ ಅಂತ ಅವ್ವ ಲೆಕ್ಕ ಹಾಕಿದಳು.

ದೂರದಿಂದ ನೋಡಿ ಸಾಕು. ಬಿಟ್ಟುಹೋದ ಎಲಿವೇಟರ್ ಒಳಗೆ ಯಾವ ಕಾರಣಕ್ಕೂ ಹೋಗಬೇಡಿ. ಕಾಳಿನ ರಾಶಿ ಮನುಷ್ಯನನ್ನು ನುಂಗುತ್ತದೆ. ಹಳೆಯ ಮನೆಗಳ ಅಂಗಳದಲ್ಲಿ ಹುಲ್ಲು ಮುಚ್ಚಿದ ಬಾವಿ ಇರಬಹುದು. ಹಳಿಯ ಮೇಲೂ ನಡೆಯಬೇಡಿ. ತುಕ್ಕು ಹಿಡಿದಿದ್ದರೂ ಅಮೆರಿಕದಲ್ಲಿ ರೈಲು ಜಾಗ ಕಂಪನಿಯ ಸ್ವಂತದ್ದು. ಬೇಲಿ ದಾಟಬೇಡಿ, ಕಂಬಕ್ಕೆ ನೇರಳೆ ಬಣ್ಣ ಬಳಿದಿದ್ದರೆ ಲಿಖಿತ ಒಪ್ಪಿಗೆ ಇಲ್ಲದೆ ಅಲ್ಲಿ ಬೇಟೆ ಆಡಬಾರದು ಅಂತ ಅರ್ಥ. ಒಂದು ಕ್ಯಾಶ್‌ಗೆ ಬೇಲಿ ದಾಟಲೇಬೇಕು ಅನಿಸಿದರೆ ನೀವು ತಪ್ಪು ಕಡೆಯಿಂದ ಬಂದಿದ್ದೀರಿ.

ಐದನೇ ಹೆಜ್ಜೆ: ಕೊನೆಯ ಹತ್ತು ಮೀಟರ್

ತೆರೆದ ಬಯಲಲ್ಲಿ ಫೋನ್ ಜಿಪಿಎಸ್ ನಾಲ್ಕೈದು ಮೀಟರ್‌ವರೆಗೆ ಸರಿ ತೋರಿಸುತ್ತದೆ. ಡಬ್ಬಿ ಇಟ್ಟವರ ಸಾಧನದಲ್ಲೂ ಅಷ್ಟೇ ತಪ್ಪಿರಬಹುದು. ಎರಡೂ ಕೂಡಿದರೆ ಹತ್ತು ಮೀಟರ್. ಅದಕ್ಕೇ ಬಾಣದ ಗುರುತು ಹತ್ತು ಮೀಟರ್ ತೋರಿಸಿದ ಕೂಡಲೇ ಫೋನನ್ನು ಜೇಬಿಗೆ ಹಾಕಿ. ಬಾಣ ಅತ್ತಿತ್ತ ಕುಣಿಯುತ್ತದೆ, ನೀವೂ ಅದರ ಹಿಂದೆ ಕುಣಿದರೆ ಹೊತ್ತು ಹೋಗುತ್ತದೆ.

ಈಗ ಕಣ್ಣಿನ ಕೆಲಸ. ನಾನಾಗಿದ್ದರೆ ಎಲ್ಲಿಡುತ್ತಿದ್ದೆ ಅಂತ ಕೇಳಿಕೊಳ್ಳಿ. ಹುಲ್ಲು ಎಲ್ಲಿ ತುಳಿದ ಹಾಗಿದೆ? ಯಾವ ಕಲ್ಲಿನ ಮೈ ಬಿಸಿಲಿಗೆ ಬಿಳಿಚಿಕೊಂಡಿಲ್ಲ? ತಾನೇ ಬಿದ್ದ ಕಡ್ಡಿಗಳು ಹೇಗೆ ಬೇಕಾದರೂ ಬಿದ್ದಿರುತ್ತವೆ. ಕೈಯಿಂದ ಇಟ್ಟವು ಸಾಲಾಗಿ ಇರುತ್ತವೆ. ಮಿಂಗೊಗೆ ಸಾವಿರಾರು ಜನ ಬಂದಿದ್ದಾರೆ, ಅವರ ಹೆಜ್ಜೆಯೇ ಒಂದು ದಾರಿ.

ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ. ಈ ಸೀಮೆಯಲ್ಲಿ ಬಾಲ ಗಲಗಲ ಅನ್ನಿಸುವ ರ‍್ಯಾಟಲ್ ಹಾವು ಇದೆ. ಕಲ್ಲಿನ ಸಂದು, ಬೆಚ್ಚಗಿನ ಜಾಗ ಅದಕ್ಕೂ ಇಷ್ಟ. ಸದ್ದು ಕೇಳಿದರೆ ಇದ್ದಲ್ಲೇ ನಿಲ್ಲಿ, ಎಲ್ಲಿದೆ ಅಂತ ನೋಡಿ, ನಿಧಾನಕ್ಕೆ ಹಿಂದೆ ಸರಿಯಿರಿ.

ಯಾರಾದರೂ ಗಾಡಿ ನಿಲ್ಲಿಸಿ ಏನು ಮಾಡುತ್ತಿದ್ದೀರಿ ಅಂತ ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಆಟ ಗೊತ್ತಿಲ್ಲದವರಿಗೆ ಗುಟ್ಟು ಬಿಡಬಾರದು ಅನ್ನುವ ಪದ್ಧತಿ ಇದೆ. ಆದರೆ ಪರಊರಿನ ಹೊಲದ ಬದುವಿನಲ್ಲಿ ನಿಂತು ಮುಚ್ಚಿಡುವುದಕ್ಕಿಂತ ನಗುತ್ತಾ ಹೇಳುವುದೇ ಒಳ್ಳೆಯದು.

ಆರನೇ ಹೆಜ್ಜೆ: ತೆರೆಯುವುದು, ಮುಚ್ಚುವುದು

ಡಬ್ಬಿ ಎತ್ತುವ ಮುಂಚೆ ಅದು ಇದ್ದ ರೀತಿಯ ಫೋಟೋ ತೆಗೆಯಿರಿ. ಎಲ್ಲಿಯೂ ಹಾಕಲು ಅಲ್ಲ, ನಿಮಗಾಗಿ. ಇದೊಂದನ್ನು ರೂಢಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಗಾಳಿಗೆ ಬೆನ್ನು ಮಾಡಿ ಕೂತು ಮುಚ್ಚಳ ತೆಗೆಯಿರಿ. ಲಾಗ್‌ಬುಕ್‌ನಲ್ಲಿ ದಿನಾಂಕ, ಹೆಸರು ಬರೆಯಿರಿ. ಒಳಗಿನ ಸಣ್ಣಪುಟ್ಟ ವಸ್ತು ತೆಗೆದುಕೊಂಡರೆ ಅದರಷ್ಟೇ ಬೆಲೆಯದ್ದು ಅಥವಾ ಅದಕ್ಕಿಂತ ಒಳ್ಳೆಯದನ್ನು ಇಡಿ. ನಾವು ಚನ್ನಪಟ್ಟಣದ ಒಂದು ಪುಟ್ಟ ಬುಗುರಿ ಇಟ್ಟೆವು. ತಿನ್ನುವ ವಸ್ತು ಬೇಡ, ವಾಸನೆಗೆ ಪ್ರಾಣಿಗಳು ಬಂದು ಕಚ್ಚಿ ಹಾಕುತ್ತವೆ. ಚಾಕು, ಲೈಟರ್, ಔಷಧಿ ಬೇಡ. ನಂಬರ್ ಕೆತ್ತಿದ ಬಿಲ್ಲೆ ಸಿಕ್ಕರೆ ಅದು ಟ್ರಾವೆಲ್ ಬಗ್, ಊರಿಂದೂರಿಗೆ ಹೋಗುವ ವಸ್ತು. ತೆಗೆದುಕೊಂಡರೆ ಬೇಗ ಇನ್ನೊಂದು ಕ್ಯಾಶ್‌ಗೆ ಮುಟ್ಟಿಸುವ ಜವಾಬ್ದಾರಿ ನಿಮ್ಮದು. ಸುಮ್ನೆ ಇಟ್ಟುಕೊಳ್ಳುವುದು ಕಳ್ಳತನ.

ಮುಚ್ಚುವಾಗ ಅವಸರ ಬೇಡ. ಮುಚ್ಚಳದ ಅಂಚಿನಲ್ಲಿ ಮರಳಿನ ಕಾಳು ಒಂದು ಇದ್ದರೂ ಒಳಗೆ ನೀರು ಹೋಗುತ್ತದೆ. ಬಟ್ಟೆಯಿಂದ ಸುತ್ತ ಒರೆಸಿ. ಚೀಲದೊಳಗಿನ ಗಾಳಿ ಒತ್ತಿ ತೆಗೆದು ಪುಸ್ತಕ ಹಾಕಿ. ಮುಚ್ಚಳ ಪೂರ್ತಿ ಕೂತಿದೆಯಾ ಅಂತ ಬೆರಳಿನಿಂದ ಸುತ್ತ ಒತ್ತಿ ನೋಡಿ. ಆಮೇಲೆ ಫೋಟೋ ತೆರೆದು, ಅದೇ ಜಾಗ, ಅದೇ ದಿಕ್ಕು, ಅದೇ ಮರೆ. ಇನ್ನೂ ಚೆನ್ನಾಗಿ ಬಚ್ಚಿಡೋಣ ಅಂತ ಬೇರೆ ಕಡೆ ಇಡಬೇಡಿ. ಮುಂದಿನವರು ಸಾವಿರ ಮೈಲಿಯಿಂದ ಬಂದಿರಬಹುದು. ಮಿಂಗೊ 2000ದಿಂದ ನಡೆದುಕೊಂಡು ಬಂದಿದ್ದರೆ ಅದಕ್ಕೆ ಬೇರೆ ಯಾವ ಗುಟ್ಟೂ ಇಲ್ಲ. ಬಂದವರು ಇದ್ದಲ್ಲೇ ಇಟ್ಟು ಹೋದರು, ನೋಡಿಕೊಳ್ಳುವವರು ನೋಡಿಕೊಂಡರು.

ಸಿಗದಿದ್ದರೆ

ಅರ್ಧ ಗಂಟೆ ಹುಡುಕಿ. ಆಮೇಲೆ ಹಿಂಟ್ ಮತ್ತೆ ಓದಿ, ಹಳೆಯ ಲಾಗ್‌ಗಳ ಫೋಟೋ ನೋಡಿ. ಆದರೂ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಲಾಗ್ ಹಾಕಿ. ಅದರಲ್ಲಿ ನಾಚಿಕೆ ಏನಿಲ್ಲ. ಮಾಲೀಕರಿಗೆ ಅದೇ ಮೊದಲ ಸುದ್ದಿ. ನಿಮ್ಮದೇ ಹೊಸ ಡಬ್ಬಿ ತಂದು ಅಲ್ಲಿ ಇಟ್ಟು ಸಿಕ್ಕಿತು ಅನ್ನಬೇಡಿ. ಹಳೆಯ ಕ್ಯಾಶ್‌ಗಳ ವಿಷಯದಲ್ಲಿ ಇದು ಇನ್ನೂ ಕೆಟ್ಟದ್ದು. 2000ದ ಮೇ ತಿಂಗಳಿನಿಂದ ಪ್ರತಿ ತಿಂಗಳು ಬಚ್ಚಿಟ್ಟ ಒಂದೊಂದು ಕ್ಯಾಶ್ ಹುಡುಕುವುದನ್ನೇ ಗುರಿ ಮಾಡಿಕೊಂಡವರಿದ್ದಾರೆ. ಆ ಮೊದಲ ತಿಂಗಳಿನವು ಉಳಿದಿರುವುದು ಬೆರಳೆಣಿಕೆಯಷ್ಟು.

ಈ ಥರದ ಊರಲ್ಲಿ ನೀವೇ ಒಂದು ಕ್ಯಾಶ್ ಇಡಬೇಕು ಅನಿಸಿದರೆ ಜಾಗದ ಮಾಲೀಕರ ಒಪ್ಪಿಗೆ ಬೇಕು, ಪಕ್ಕದ ಕ್ಯಾಶ್‌ನಿಂದ 161 ಮೀಟರ್ ದೂರ ಇರಬೇಕು, ಆಗಾಗ ಬಂದು ನೋಡಿಕೊಳ್ಳುವಷ್ಟು ಹತ್ತಿರ ನಿಮ್ಮ ಮನೆ ಇರಬೇಕು. ಪ್ರವಾಸಕ್ಕೆ ಬಂದು ಇಟ್ಟು ಹೋಗುವುದಕ್ಕೆ ಒಪ್ಪುವುದಿಲ್ಲ.

ಆಮೇಲೆ

ಅಷ್ಟು ದೂರ ಬಂದ ಮೇಲೆ ಕೋಲ್ಬಿಯ ಪ್ರೇರಿ ಮ್ಯೂಸಿಯಂ ನೋಡಿಯೇ ಹೋಗಿ. ಅಲ್ಲಿ ಕೂಪರ್ ಬಾರ್ನ್ ಇದೆ, ಕಾನ್ಸಸ್‌ನ ಅತಿ ದೊಡ್ಡ ದನದ ಕೊಟ್ಟಿಗೆ. 1992ರಲ್ಲಿ ಹೊಲದಿಂದ ಇಡೀ ಕಟ್ಟಡವನ್ನೇ ಎತ್ತಿ ತಂದು ಇಲ್ಲಿ ಕೂರಿಸಿದರು. ಬಯಲುಸೀಮೆಯವರು ಹುಲ್ಲುಗಡ್ಡೆಯನ್ನು ಇಟ್ಟಿಗೆಯ ಹಾಗೆ ಕಡಿದು ಕಟ್ಟಿಕೊಳ್ಳುತ್ತಿದ್ದ ಮನೆಯ ಮಾದರಿಯೂ ಇದೆ. ಹೊತ್ತಿದ್ದರೆ ಓಕ್ಲಿಯ ದಕ್ಷಿಣಕ್ಕೆ ಮಾನ್ಯುಮೆಂಟ್ ರಾಕ್ಸ್ ಎಂಬ ಸುಣ್ಣದ ಬಂಡೆಗಳಿವೆ. ಈ ನೆಲ ಒಂದು ಕಾಲಕ್ಕೆ ಸಮುದ್ರವಾಗಿತ್ತು ಅನ್ನುವುದಕ್ಕೆ ಅವೇ ಸಾಕ್ಷಿ.

ರಾತ್ರಿ ಆನ್‌ಲೈನ್ ಲಾಗ್ ಬರೆಯಿರಿ. ಸಿಕ್ಕಿತು, ವಂದನೆ ಅಂತ ಎರಡೇ ಶಬ್ದದಲ್ಲಿ ಮುಗಿಸಬೇಡಿ. ಯಾರ ಜೊತೆ ಬಂದಿರಿ, ಗಾಳಿ ಹೇಗಿತ್ತು, ಹೊಲದಲ್ಲಿ ಏನಿತ್ತು ಅಂತ ನಾಲ್ಕು ಸಾಲು ಇರಲಿ. ಡಬ್ಬಿ ನೋಡಿಕೊಳ್ಳುವವರಿಗೆ ಸಿಗುವ ಕೂಲಿ ಅದೊಂದೇ. ಕನ್ನಡದಲ್ಲಿ ಬರೆದರೂ ನಡೆಯುತ್ತದೆ, ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಹಾಕಿ. ನಾವು ಡಬ್ಬಿಯ ಪುಸ್ತಕದಲ್ಲೂ ಹಾಗೇ ಮಾಡಿದೆವು. ಮಗಳು ಆಟದ ಹೆಸರು ಬರೆದಳು. ಆಮೇಲೆ ಅವ್ವ ಪೆನ್ನು ಇಸಿದುಕೊಂಡು, ತೊಡೆಯ ಮೇಲೆ ಪುಸ್ತಕ ಇಟ್ಟು, ಗಾಳಿಗೆ ಹಾಳೆ ಹಾರದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ತನ್ನ ಹೆಸರಿನ ಕೆಳಗೆ ಗದಗ ಅಂತ ಬರೆದಳು. ಅದರ ಕೆಳಗೆ ಇನ್ನೊಂದು ಸಾಲು: ಇಲ್ಲಿ ಜ್ವಾಳ ಚಲೋ ಬಂದೈತಿ.